ದೇವರ ಕೆಲಸಕ್ಕೊಂದು ಅರ್ಜಿ

ವಿಧಾನಸೌಧದ ಹಣೆಯ ಮೇಲೆ ಕೆತ್ತಿರುವ ‘ಸರ್ಕಾರದ ಕೆಲಸ ದೇವರ ಕೆಲಸ’ ಎಂಬ ಮಾತನ್ನು ಈಗ ಯಾರೂ ಗಂಭೀರವಾಗಿ ಆಡುವುದಿಲ್ಲ. ತಾಲ್ಲೂಕು ಕಚೇರಿಯಲ್ಲಿ ‘ಸಾಹೇಬರು ಮೀಟಿಂಗಿಗೆ ಹೋಗಿದ್ದಾರೆ, ಸೋಮವಾರ ಬನ್ನಿ’ ಎನ್ನಿಸಿಕೊಂಡು ಮೆಟ್ಟಿಲಿಳಿಯುವವರು ಅದನ್ನು ಕುಹಕಕ್ಕೆ ಹೇಳುತ್ತಾರೆ. ನಿವೃತ್ತಿಯ ದಿನ ಹಾರ, ಶಾಲು, ಹಣ್ಣಿನ ಬುಟ್ಟಿ ಹೊತ್ತುಕೊಂಡವರು ಉಪಚಾರಕ್ಕೆ ಹೇಳುತ್ತಾರೆ. ಕೆಂಗಲ್ ಹನುಮಂತಯ್ಯನವರು ಆ ಕಟ್ಟಡವನ್ನು 1956ರಲ್ಲಿ ಮುಗಿಸುವ ಹೊತ್ತಿಗೆ ಅದರ ಖರ್ಚಿನ ಬಗ್ಗೆಯೇ ದೊಡ್ಡ ವಿವಾದ ಎದ್ದಿತ್ತು. ಹಾಗಾಗಿ ಈ ಮಾತಿಗೆ ಲೆಕ್ಕಪತ್ರದ ಜಗಳದ ಧೂಳು ಮೊದಲಿನಿಂದಲೂ ಅಂಟಿಕೊಂಡಿದೆ. ಇಷ್ಟಾದರೂ ಅದನ್ನು ಬರೀ ಘೋಷಣೆಯೆಂದು ತಳ್ಳಿಹಾಕುವುದಕ್ಕೆ ಮುಂಚೆ, ಧರ್ಮದ ವಿಷಯದಲ್ಲಿ ಅದು ಏನು ಹೇಳುತ್ತದೆ ಎಂದು ಒಮ್ಮೆ ಕೇಳಿ ನೋಡಬೇಕು. ಕೆಲಸ ದೇವರದು ಎಂದರೆ, ಅದನ್ನು ಮಾಡುವವನೂ ಅಷ್ಟಿಷ್ಟು ದೇವರ ಅಂಶದವನು ಎಂದು ಅರ್ಥ ಮಾಡಬಹುದು. ಕೈತುಂಬ ಕೊಟ್ಟವನು ದೇವರು, ಆದ್ದರಿಂದ ನೌಕರಿ ಒಂದು ಪ್ರಸಾದ ಎಂದೂ ಅರ್ಥ ಮಾಡಬಹುದು. ಅಥವಾ ದೇವರದು ಎಂದಮೇಲೆ ನನ್ನದಲ್ಲ ಎಂದು ತಿಳಿಯಬಹುದು. ನಮ್ಮ ಕಚೇರಿಗಳು ಮೊದಲೆರಡು ಅರ್ಥಗಳಲ್ಲಿ ನಡೆಯುತ್ತಿವೆ. ಮೂರನೆಯದೊಂದೇ ಸರಿ, ಅದೂ ನೇಮಕಾತಿ ಆದೇಶ ಕೈಗೆ ಬಂದ ಹೊಸಬರಿಗೆ ತಟ್ಟಬೇಕಾದದ್ದು ಎಂಬುದು ನನ್ನ ವಾದ.

ಹೊಸಬರಿಗೆ ಈ ಮಾತು ಕಹಿಯಾಗಿ ಕಾಣುವುದು ಸಹಜ. ಎಫ್‌ಡಿಎ, ಎಸ್‌ಡಿಎ ಎಂದು ನಾವು ಕರೆಯುವ ಪ್ರಥಮ ದರ್ಜೆ, ದ್ವಿತೀಯ ದರ್ಜೆ ಸಹಾಯಕರ ಹುದ್ದೆ ಸುಮ್ಮನೆ ಸಿಗುವುದಿಲ್ಲ. ಧಾರವಾಡದ ಸಪ್ತಾಪುರದಲ್ಲೋ ಬೆಂಗಳೂರಿನ ವಿಜಯನಗರದಲ್ಲೋ ಒಂದು ಕೋಣೆಯಲ್ಲಿ ನಾಲ್ವರು ಸೇರಿ ಬಾಡಿಗೆ ಹಂಚಿಕೊಂಡು, ತಿಂಗಳ ಲೆಕ್ಕದಲ್ಲಿ ಓದುವ ಮನೆಗೆ ದುಡ್ಡು ಕಟ್ಟಿ, ಹಳೆಯ ಪ್ರಶ್ನೆಪತ್ರಿಕೆ ತಿರುವಿ ಹಾಕುತ್ತ ಅಧಿಸೂಚನೆಗೆ ಕಾಯಬೇಕು. ಅಧಿಸೂಚನೆ ಬಂದರೆ ಪರೀಕ್ಷೆ ಮುಂದಕ್ಕೆ ಹೋಗುತ್ತದೆ. ಪರೀಕ್ಷೆ ಆದರೆ ಕೀ ಉತ್ತರಕ್ಕೆ ಆಕ್ಷೇಪಣೆ. ತಾತ್ಕಾಲಿಕ ಆಯ್ಕೆ ಪಟ್ಟಿ ಬಂದರೆ ಆಡಳಿತ ನ್ಯಾಯಮಂಡಳಿ ಕೆಎಟಿಯಲ್ಲಿ ತಡೆಯಾಜ್ಞೆ. ಕಟ್‌ಆಫ್‌ಗೆ ಅರ್ಧ ಅಂಕ ಕಡಿಮೆ ಬಿದ್ದವರ ಮನೆಯಲ್ಲಿ ಹಬ್ಬ ನಡೆಯುವುದಿಲ್ಲ. ವಯೋಮಿತಿ ಮೀರುತ್ತಿದೆ ಎಂಬ ಆತಂಕ ಓದುವವರಿಗಿಂತ ಹೆಚ್ಚಾಗಿ ಅವರ ತಾಯಂದಿರನ್ನು ತಿನ್ನುತ್ತದೆ. ಅಂಥ ಮನೆಗಳಲ್ಲಿ ಮಾದಪ್ಪನ ಬೆಟ್ಟಕ್ಕೆ ಮುಡಿ, ಹುಲಿಗೆಮ್ಮನಿಗೆ ಉಡಿ, ಮೊದಲ ಸಂಬಳ ಮನೆದೇವರ ಹುಂಡಿಗೆ ಎಂದು ಹರಕೆ ಹೊತ್ತಿದ್ದರೆ ಅದನ್ನು ಮೌಢ್ಯವೆಂದು ನಗುವ ಅಧಿಕಾರ ಯಾರಿಗೂ ಇಲ್ಲ. ಇಷ್ಟೆಲ್ಲ ಆದಮೇಲೆ ಬಂದ ಕೆಲಸವನ್ನು ‘ಫಲ’ ಎಂದು ಕರೆಯದೆ ಇನ್ನೇನೆಂದು ಕರೆಯುತ್ತಾರೆ?

ಸಿಕ್ಕಿಹಾಕಿಕೊಳ್ಳುವುದು ಇಲ್ಲಿಯೇ. ಹುದ್ದೆ ಹರಕೆಯ ಫಲ, ಪೂರ್ವಪುಣ್ಯದ ಫಲ ಎನ್ನುವವರಿದ್ದಾರೆ. ಹರಕೆ ಗಿರಕೆ ಎಲ್ಲ ಸುಳ್ಳು, ರಾತ್ರಿಯಿಡೀ ಓದಿದ್ದರ ಫಲ, ಪ್ರತಿಭೆಯ ಫಲ ಎನ್ನುವವರಿದ್ದಾರೆ. ಇವರಿಬ್ಬರೂ ಆಸ್ತಿಕ ನಾಸ್ತಿಕರಂತೆ ಎದುರುಬದುರು ನಿಂತ ಹಾಗೆ ಕಂಡರೂ ಹುದ್ದೆಯ ವಿಷಯದಲ್ಲಿ ಇಬ್ಬರದೂ ಒಂದೇ ಮತ: ಗಳಿಸಿದ್ದು, ಆದ್ದರಿಂದ ನನ್ನದು. ಮೂರನೆಯ ಒಂದು ಗುಂಪೂ ಇದೆ, ಹುದ್ದೆಯನ್ನು ಕೊಳ್ಳಲು ಹೊರಟವರದು. 2021ರ ಜನವರಿಯಲ್ಲಿ ಪ್ರಶ್ನೆಪತ್ರಿಕೆ ಸೋರಿ ಎಫ್‌ಡಿಎ ಪರೀಕ್ಷೆಯನ್ನೇ ಮುಂದೂಡಬೇಕಾಯಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ 545 ಪಿಎಸ್‌ಐ ಹುದ್ದೆಗಳಿಗೆ ನಡೆದ ಪರೀಕ್ಷೆ ಅಕ್ರಮದ ಕಾರಣಕ್ಕೆ 2022ರಲ್ಲಿ ರದ್ದಾಯಿತು. ದುಡ್ಡು ಕೊಟ್ಟು ಹುದ್ದೆ ಹಿಡಿಯಲು ಹೊರಟವನು ಅಪರಾಧಿ, ಓದಿ ಬಂದವನು ಪ್ರಾಮಾಣಿಕ, ಹರಕೆ ಹೊತ್ತವನು ಭಕ್ತ. ಮೂವರನ್ನೂ ಒಂದೇ ತಕ್ಕಡಿಗೆ ಹಾಕುವುದು ಅನ್ಯಾಯ. ಆದರೆ ಮೂವರೂ ಮೇಜಿನ ಆಚೆ ಕೂತಮೇಲೆ ಈಚೆ ನಿಂತವರನ್ನು ಒಂದೇ ಕಣ್ಣಿನಿಂದ ನೋಡುವ ಅಪಾಯವಿದೆ. ಹುದ್ದೆ ನನ್ನದಾದರೆ ಅದರಿಂದ ಹೊರಡುವ ಪ್ರತಿಯೊಂದು ಸಹಿಯೂ ನಾನು ಮಾಡುವ ಉಪಕಾರವಾಗುತ್ತದೆ. ಉಪಕಾರಕ್ಕೆ ಕೃತಜ್ಞತೆ ನಿರೀಕ್ಷಿಸುವುದು ಮನುಷ್ಯಸ್ವಭಾವ. ಕೃತಜ್ಞತೆ ಬಾಯಿಮಾತಿನಲ್ಲಿ ನಿಲ್ಲುತ್ತದೋ ಲಕೋಟೆಯಲ್ಲಿ ಬರುತ್ತದೋ ಎಂಬುದು ಆಮೇಲಿನ ಪ್ರಶ್ನೆ. ಲಂಚದ ಬೇರು ದುರಾಸೆ ಎಂದು ನಾವು ಸಾಮಾನ್ಯವಾಗಿ ಹೇಳುತ್ತೇವೆ. ದುರಾಸೆಗಿಂತ ಒಂದು ಮೆಟ್ಟಿಲು ಕೆಳಗೆ ಈ ‘ನನ್ನದು’ ಕೂತಿದೆ.

ಕಾನೂನು ಈ ವಿಷಯದಲ್ಲಿ ಧರ್ಮಶಾಸ್ತ್ರಕ್ಕಿಂತ ಖಡಾಖಂಡಿತವಾಗಿದೆ. ಸರ್ಕಾರಿ ನೌಕರಿ ಒಪ್ಪಂದಕ್ಕಿಂತ ಹೆಚ್ಚಾಗಿ ಒಂದು ಸ್ಥಾನ ಎಂದು ಸುಪ್ರೀಂ ಕೋರ್ಟ್ 1967ರಲ್ಲಿ ರೋಶನ್ ಲಾಲ್ ಟಂಡನ್ ಪ್ರಕರಣದಲ್ಲಿ ಹೇಳಿತು. ಒಳಗೆ ಬರುವುದು ಒಪ್ಪಿಗೆಯಿಂದ. ಬಂದಮೇಲೆ ಹಕ್ಕು ಬಾಧ್ಯತೆಗಳನ್ನು ಗೊತ್ತುಮಾಡುವುದು ನಿಯಮ, ನೌಕರನ ಇಷ್ಟವಲ್ಲ. ಸಂವಿಧಾನದ 310ನೇ ವಿಧಿಯ ಪ್ರಕಾರ ರಾಜ್ಯದ ನೌಕರರು ಹುದ್ದೆಯಲ್ಲಿರುವುದು ರಾಜ್ಯಪಾಲರ ಇಚ್ಛೆ ಇರುವವರೆಗೆ. ಕಾನೂನಿನ ಈ ಮಾತು ಕಣ್ಣಿಗೆ ಕಾಣುವುದು ಕೆಲಸಕ್ಕೆ ಸೇರುವ ದಿನ. ಜಾತಿ ಸಿಂಧುತ್ವ ಪ್ರಮಾಣಪತ್ರ, ಪೊಲೀಸ್ ಪರಿಶೀಲನೆ, ಜಿಲ್ಲಾ ಆಸ್ಪತ್ರೆಯ ವೈದ್ಯಕೀಯ ಪ್ರಮಾಣಪತ್ರ ಎಲ್ಲ ಜೋಡಿಸಿದ ಪ್ಲಾಸ್ಟಿಕ್ ಫೈಲು ಎದೆಗವಚಿಕೊಂಡು ಬಂದವರಿಗೆ ಮೊದಲು ಸಿಗುವುದು ಒಂದು ಬಿಳಿ ಹಾಳೆ. ಆದೇಶದ ಸಂಖ್ಯೆ, ದಿನಾಂಕ ಉಲ್ಲೇಖಿಸಿ ‘ಈ ದಿನ ಪೂರ್ವಾಹ್ನ ಕರ್ತವ್ಯಕ್ಕೆ ಹಾಜರಾಗಿರುತ್ತೇನೆ’ ಎಂದು ಬರೆದುಕೊಡಬೇಕು. ಪೂರ್ವಾಹ್ನವೋ ಅಪರಾಹ್ನವೋ ಎಂಬುದರ ಮೇಲೆ ಸಂಬಳದ ದಿನ ನಿಂತಿರುವುದರಿಂದ ಗುಮಾಸ್ತರು ಅದನ್ನು ಎರಡು ಸಲ ನೋಡುತ್ತಾರೆ. ಸೇವಾ ಪುಸ್ತಕ ತೆರೆಯುತ್ತದೆ. ಆಮೇಲೆ ಪ್ರಭಾರ ಪಟ್ಟಿ: ಚಾಲ್ತಿ ಕಡತ ಇಷ್ಟು, ವಿಲೇವಾರಿಗೆ ಬಾಕಿ ಇಷ್ಟು, ರಿಜಿಸ್ಟರ್ ಇಷ್ಟು, ಬೀರು ಒಂದು, ಬೀಗದ ಕೈ ಎರಡು. ಕೊಟ್ಟವರ ಸಹಿ ಎಡಕ್ಕೆ, ಪಡೆದವರ ಸಹಿ ಬಲಕ್ಕೆ. ಬೀರುವಿನೊಳಗಿನ ಕಡತಗಳಲ್ಲಿ ಯಾವುದೋ ಊರಿನ ಯಾವುದೋ ಅಜ್ಜಿಯ ವಿಧವಾ ವೇತನದ ಅರ್ಜಿ, ಯಾರದೋ ಪೋಡಿಯ ಜಗಳ, ಕೊಟ್ಟು ಹೋದವರ ಮುಂಚಿನವರು ಬರೆದ ಟಿಪ್ಪಣಿ. ತನಗಿಂತ ಹಿರಿಯ ವಯಸ್ಸಿನ ಕಡತಗಳೂ ಇರುತ್ತವೆ. ‘ನನ್ನದು’ ಎಂದು ಹೇಳಿಕೊಳ್ಳಲು ಆ ಪಟ್ಟಿಯಲ್ಲಿ ಏನಿದೆ? ಎಣಿಸಿ ಪಡೆದದ್ದನ್ನು ಮುಂದೊಂದು ದಿನ ಎಣಿಸಿ ಕೊಟ್ಟು ಹೋಗಬೇಕು. ಸರ್ಕಾರಿ ವೃತ್ತಿಯ ಅತ್ಯಂತ ಧಾರ್ಮಿಕ ಕಾಗದ ಯಾವುದೆಂದು ಕೇಳಿದರೆ ಗೋಡೆಯ ಮೇಲಿನ ದೇವರ ಕ್ಯಾಲೆಂಡರನ್ನು ಬಿಟ್ಟು ನಾನು ಈ ಪ್ರಭಾರ ಪಟ್ಟಿಯನ್ನು ತೋರಿಸುತ್ತೇನೆ.

ನಮ್ಮ ಭಕ್ತಿಪರಂಪರೆಗೆ ಕಚೇರಿ ಹೊಸದೇನಲ್ಲ. ಭಕ್ತರಾಗಿದ್ದು ದೊರೆಯ ಲೆಕ್ಕ ನೋಡಿಕೊಂಡವರ ಕಥೆಗಳು ನಮ್ಮಲ್ಲಿ ಬೇಕಾದಷ್ಟಿವೆ, ಮತ್ತು ಅವುಗಳಲ್ಲಿ ಎರಡು ಒಂದೇ ಊರಿಗೆ ಸೇರಿದವು. ಈಗ ಸೊಲ್ಲಾಪುರ ಜಿಲ್ಲೆಯಲ್ಲಿರುವ ಮಂಗಳವೇಢೆಯಲ್ಲಿ ಹನ್ನೆರಡನೇ ಶತಮಾನದಲ್ಲಿ ಬಸವಣ್ಣನವರು ಬಿಜ್ಜಳನ ಆಶ್ರಯದಲ್ಲಿ ಲೆಕ್ಕಪತ್ರದ ಕೆಲಸಕ್ಕೆ ಸೇರಿ, ಮುಂದೆ ಕಲ್ಯಾಣದಲ್ಲಿ ಭಂಡಾರಿಯಾದರು ಎಂದು ಪರಂಪರೆ ಹೇಳುತ್ತದೆ. ಭಂಡಾರದ ಹಣವನ್ನು ಜಂಗಮರಿಗೆ ಸುರಿಯುತ್ತಿದ್ದಾನೆ ಎಂಬ ಚಾಡಿ ದೊರೆಯ ಕಿವಿಗೆ ಬಿದ್ದಾಗ ಭಂಡಾರವನ್ನು ಎಣಿಸಲಾಯಿತು, ಕಾಸೂ ಕಡಿಮೆಯಿರಲಿಲ್ಲ ಎಂಬುದು ಪುರಾಣಗಳ ಕಥೆ. ಅದೇ ಮಂಗಳವೇಢೆಯಲ್ಲಿ ಮುಂದೆ ಬಹಮನಿ ಸುಲ್ತಾನರ ಕಾಲದಲ್ಲಿ ದಾಮಾಜಿ ಪಂತ ಎಂಬ ಅಧಿಕಾರಿ ಭೀಕರ ಬರಗಾಲದಲ್ಲಿ ಸರ್ಕಾರದ ಕಣಜ ತೆರೆದು ಹಸಿದವರಿಗೆ ಹಂಚಿದ. ಬೀದರಿನಿಂದ ಹಿಡಿತರುವ ಆಜ್ಞೆ ಬಂತು. ಪಂಢರಪುರದ ವಿಠ್ಠಲ ವಿಠು ಮಹಾರನ ವೇಷದಲ್ಲಿ ಹೋಗಿ ಅಷ್ಟೂ ಧಾನ್ಯದ ಹಣವನ್ನು ಸುಲ್ತಾನನ ಮುಂದೆ ಸುರಿದು ರಸೀದಿ ಪಡೆದ. ಮೂರನೆಯವನು ಹದಿನೇಳನೇ ಶತಮಾನದ ಕಂಚರ್ಲ ಗೋಪನ್ನ, ಭದ್ರಾಚಲ ರಾಮದಾಸ. ಪಾಲ್ವಂಚದ ತಹಶೀಲ್ದಾರನಾಗಿದ್ದ ಆತ ಕಂದಾಯದ ಹಣದಲ್ಲಿ ರಾಮನ ಗುಡಿ ಕಟ್ಟಿಸಿ ಗೋಲ್ಕೊಂಡದ ಸೆರೆಮನೆ ಸೇರಿದ. ಅಲ್ಲಿನ ಸುಲ್ತಾನ ತಾನಾಶಾಹನಿಗೆ ರಾಮಲಕ್ಷ್ಮಣರೇ ಬಂದು ಆರು ಲಕ್ಷ ವರಹ ತೀರಿಸಿದರೆಂದು ನಂಬಿಕೆ.

ದೇವರು ಭಕ್ತನ ಕೈ ಬಿಡುವುದಿಲ್ಲ ಎಂಬುದಕ್ಕೆ ಸಾಕ್ಷಿಯಾಗಿ ಹರಿಕಥೆಗಳಲ್ಲಿ ಇವನ್ನು ಹೇಳುತ್ತಾರೆ. ನನಗೆ ಇವುಗಳಲ್ಲಿ ಎದ್ದು ಕಾಣುವುದು ಬೇರೆ. ಮೂರರಲ್ಲಿ ಒಂದರಲ್ಲೂ ದೇವರು ದೊರೆಗೆ ‘ಲೆಕ್ಕ ಕೇಳಬೇಡ, ಇವನು ನನ್ನವನು’ ಎಂದು ಹೇಳುವುದಿಲ್ಲ. ಕಂಬ ಒಡೆದು ಬರಬಲ್ಲ ದೇವರಿಗೆ ಸುಲ್ತಾನನ ಮನಸ್ಸು ಒಡೆಯುವುದು ಕಷ್ಟವಿತ್ತೇ? ಆದರೂ ವಿಠ್ಠಲ ಕೋಲು ಹಿಡಿದು ಬರಿಗಾಲಲ್ಲಿ ಬೀದರಿಗೆ ನಡೆದು ಹಣ ಕಟ್ಟಿದ. ಭಂಡಾರದ ಲೆಕ್ಕ ಸರಿಹೋಗದೆ ಭಕ್ತಿಯ ಲೆಕ್ಕ ಸರಿಹೋಗುವುದಿಲ್ಲ ಎಂಬುದನ್ನು ಕಥೆ ಕಟ್ಟಿದ ಜನ ಒಪ್ಪಿಕೊಂಡಿದ್ದರು. ಅದೂ ದೊರೆ ಬೇರೆ ಮತದವನಾಗಿದ್ದಾಗ. ಹಾಗೆಂದು ಮೂರೂ ಕಥೆಗಳು ಒಂದೇ ತೂಕದವಲ್ಲ. ದಾಮಾಜಿ ಯಾರಿಂದ ಧಾನ್ಯ ಬಂದಿತ್ತೋ ಅವರಿಗೇ ಅದನ್ನು ಹಿಂದಿರುಗಿಸಿದ. ರಾಮದಾಸ ರೈತರ ಕಂದಾಯವನ್ನು ತನಗೆ ಪ್ರಿಯವಾದ ದೇವರಿಗೆ ಮುಟ್ಟಿಸಿದ. ಭಕ್ತಿಪರಂಪರೆ ಇಬ್ಬರನ್ನೂ ಒಂದೇ ಸಾಲಿನಲ್ಲಿ ಕೂರಿಸುತ್ತದೆ. ರಾಮದಾಸನ ಕೀರ್ತನೆಗಳ ಬಗ್ಗೆ ಎಷ್ಟೇ ಗೌರವವಿದ್ದರೂ ನನಗೆ ಅದು ಒಪ್ಪಿಗೆಯಿಲ್ಲ. ಕಚೇರಿಯ ಸಮಯ, ಕಚೇರಿಯ ವಾಹನ, ಕಚೇರಿಯ ಪ್ರಭಾವ ಬಳಸಿ ತನ್ನೂರ ಗುಡಿಗೋ ಮಠಕ್ಕೋ ಮಸೀದಿಗೋ ಚರ್ಚಿಗೋ ಕೆಲಸ ಮಾಡಿಕೊಟ್ಟು ‘ದೇವರ ಕೆಲಸ ತಾನೇ’ ಎನ್ನುವವರು ರಾಮದಾಸನ ಕಥೆಯ ಮೊದಲ ಅರ್ಧವನ್ನು ಮಾತ್ರ ಕೇಳಿಸಿಕೊಂಡವರು. ಆರು ಲಕ್ಷ ವರಹ ತುಂಬಿಕೊಡಲು ಇಂದು ಯಾರೂ ಬರುವುದಿಲ್ಲ.

ಶರಣರು ಕೊಡುವುದಕ್ಕೆ ಎರಡು ರೀತಿ ಗುರುತಿಸಿದ್ದರು. ದಾನದಲ್ಲಿ ಕೊಡುವವನು ಮೇಲೆ, ಪಡೆಯುವವನು ಕೆಳಗೆ. ದಾಸೋಹದಲ್ಲಿ ಕೊಡುವವನೇ ದಾಸ. ಕೊಟ್ಟೆನೆಂಬ ಎಣಿಕೆ ಮನಸ್ಸಿಗೆ ಬಂದರೆ ದಾಸೋಹ ಕೆಟ್ಟಿತು. ಸರ್ಕಾರಿ ಮೇಜಿನ ಮೇಲಿಂದ ಹೋಗುವ ಪಹಣಿ, ಜಾತಿ ಆದಾಯ ಪ್ರಮಾಣಪತ್ರ, ಪಿಂಚಣಿ ಮಂಜೂರಾತಿ ಇವು ಯಾವ ಬಗೆಯ ಕೊಡುವಿಕೆ ಎಂದು ಕೇಳಿದರೆ, ದಾಸೋಹಕ್ಕಿಂತಲೂ ಸಣ್ಣ ಮಾತು ಸಾಕು: ಸಾಲ ತೀರಿಸುವುದು. 2011ರ ಸಕಾಲ ಕಾಯ್ದೆ ಇದನ್ನು ರೂಪಾಯಿಯಲ್ಲೇ ಬರೆದಿಟ್ಟಿತು. ಗೊತ್ತುಮಾಡಿದ ದಿನಗಳೊಳಗೆ ಸೇವೆ ಸಿಗದಿದ್ದರೆ ತಡವಾದ ಪ್ರತಿ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ರೂಪಾಯಿ ಅರ್ಜಿದಾರರಿಗೆ ಸಲ್ಲಬೇಕು, ಅದನ್ನು ತಡಮಾಡಿದವರಿಂದ ವಸೂಲು ಮಾಡಬೇಕು. ಮೊತ್ತ ಚಿಕ್ಕದು, ಕೇಳಿ ಪಡೆಯುವವರು ವಿರಳ, ಅರ್ಜಿಯನ್ನು ಸಕಾಲಕ್ಕೆ ಹತ್ತಿಸದೆಯೇ ಸಾಗಹಾಕುವ ಜಾಣತನವನ್ನೂ ಕಚೇರಿಗಳು ಕಲಿತಿವೆ. ಆದರೂ ಆ ಇಪ್ಪತ್ತು ರೂಪಾಯಿಯ ತತ್ವ ಅಸಾಧಾರಣವಾದದ್ದು. ತಡವಾದದ್ದು ನೌಕರನ ಔದಾರ್ಯದ ಕೊರತೆಯಲ್ಲ, ಅವನ ಮೇಲೆ ಏರಿದ ಋಣ ಎಂದು ಶಾಸನಸಭೆ ಒಪ್ಪಿಕೊಂಡಿತು. ಆಯ್ದಕ್ಕಿ ಮಾರಯ್ಯ ಬಸವಣ್ಣನವರ ಅಂಗಳದಿಂದ ದಿನದ ಪ್ರಮಾಣಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಲಕ್ಕಮ್ಮ ಅದನ್ನು ಅಲ್ಲಿಯೇ ಸುರಿದು ಬರಲು ಕಳಿಸಿದಳಲ್ಲ, ಆ ಕಥೆಯ ಬಿಗಿಯೂ ಇದೇ. ಹೆಚ್ಚುವರಿ ಅಕ್ಕಿಯನ್ನು ಮಾರಯ್ಯ ಕದ್ದಿರಲಿಲ್ಲ. ಅದು ಅಂಗಳದಲ್ಲಿ ಚೆಲ್ಲಿದ್ದದ್ದೇ. ಆದರೂ ತನ್ನದಲ್ಲದ್ದು ಮನೆಯೊಳಗೆ ಬರಬಾರದು ಎಂಬ ಪ್ರಜ್ಞೆ ಗಂಡನಿಗಿಂತ ಹೆಂಡತಿಗೆ ಮೊದಲು ಹೊಳೆಯಿತು. ನೌಕರರ ಮನೆಗಳಲ್ಲಿ ‘ಎಲ್ಲರೂ ಮನೆ ಕಟ್ಟಿಸಿದರು, ನಿಮ್ಮ ಕೈಲಿ ಆಗಲಿಲ್ಲ’ ಎಂಬ ಮಾತು ಎಷ್ಟು ಕೆಲಸ ಮಾಡುತ್ತದೆ ಎಂಬುದನ್ನು ಬಲ್ಲವರಿಗೆ ಲಕ್ಕಮ್ಮ ಏಕೆ ದೊಡ್ಡವಳು ಎಂದು ಬಿಡಿಸಿ ಹೇಳಬೇಕಿಲ್ಲ.

ಈ ವಾದಕ್ಕೆ ಎದುರಾಗುವ ಬಲವಾದ ಆಕ್ಷೇಪಣೆ ಎಂದರೆ, ‘ನನ್ನದಲ್ಲ’ ಎಂಬ ಭಾವ ಕಚೇರಿಗಳಲ್ಲಿ ಈಗಾಗಲೇ ಬೇಕಾದ್ದಕ್ಕಿಂತ ಹೆಚ್ಚಿದೆ. ‘ಅದು ನನ್ನ ಟೇಬಲ್ಲಿಗೆ ಬರಲ್ಲ, ಆ ಸೆಕ್ಷನ್‌ನಲ್ಲಿ ಕೇಳಿ’ ಎನ್ನುವವನೂ ಒಂದು ಬಗೆಯ ನಿರ್ಮಮತೆಯನ್ನೇ ಸಾಧಿಸಿದ್ದಾನೆ. ಕಡತದ ಟಿಪ್ಪಣಿ ಹಾಳೆ ತೆರೆದು ನೋಡಿ. ‘ಪರಿಶೀಲಿಸಲಾಗಿದೆ’, ‘ಕ್ರಮ ಕೈಗೊಳ್ಳಬಹುದಾಗಿದೆ’, ‘ಸೂಕ್ತ ಆದೇಶಕ್ಕಾಗಿ ಮಂಡಿಸಿದೆ’. ಪರಿಶೀಲಿಸಿದ್ದು ಯಾರು, ಕ್ರಮ ಯಾರು ಕೈಗೊಳ್ಳಬೇಕು, ಸೂಕ್ತ ಯಾವುದು? ವಾಕ್ಯಗಳೊಳಗೆ ಒಬ್ಬ ಮನುಷ್ಯನೂ ಸಿಗುವುದಿಲ್ಲ. ವಿಷಯ ನಿರ್ವಾಹಕರಿಂದ ಶಿರಸ್ತೇದಾರರಿಗೆ, ಅಲ್ಲಿಂದ ತಹಶೀಲ್ದಾರರಿಗೆ ಹತ್ತಿ, ‘ಚರ್ಚಿಸಿ’ ಎಂಬ ಒಂದು ಪದ ಹೊತ್ತು ಅದೇ ದಾರಿಯಲ್ಲಿ ಇಳಿಯುವ ಕಡತಕ್ಕೆ ತಂದೆತಾಯಿಯಿಲ್ಲ. ಹೀಗಿರುವಾಗ ಹೊಸಬರಿಗೆ ‘ನಿನ್ನದೇನೂ ಇಲ್ಲ’ ಎಂದು ಉಪದೇಶಿಸುವುದು ಹೊಣೆಗೇಡಿತನಕ್ಕೆ ವೇದಾಂತದ ಬೆಂಬಲ ಕೊಟ್ಟ ಹಾಗೆ ಅಲ್ಲವೇ?

ಆಕ್ಷೇಪಣೆ ನಿಜವಾದ ರೋಗವನ್ನೇ ತೋರಿಸುತ್ತದೆ. ಆದರೆ ರೋಗದ ಹೆಸರು ತಪ್ಪಾಗಿದೆ. ಹುದ್ದೆ ನನ್ನದಲ್ಲ ಎನ್ನುವುದು ಒಂದು, ಮಾಡಿದ ಕೆಲಸ ನನ್ನದಲ್ಲ ಎನ್ನುವುದು ಇನ್ನೊಂದು. ಮೊದಲನೆಯದನ್ನು ಬಿಟ್ಟುಕೊಡದವರೇ ಎರಡನೆಯದನ್ನು ಸಲೀಸಾಗಿ ಬಿಟ್ಟುಕೊಡುವುದು. ‘ಆ ಸೆಕ್ಷನ್‌ನಲ್ಲಿ ಕೇಳಿ’ ಎಂದವನ ಹುದ್ದೆಗೆ, ಜ್ಯೇಷ್ಠತಾ ಪಟ್ಟಿಯಲ್ಲಿನ ಅವನ ಸ್ಥಾನಕ್ಕೆ, ಬಡ್ತಿಗೆ, ಅವನು ಕೂರುವ ಕಿಟಕಿ ಪಕ್ಕದ ಕುರ್ಚಿಗೆ ಯಾರಾದರೂ ಕೈಯಿಟ್ಟು ನೋಡಲಿ. ನಿರ್ಮಮತೆ ಆ ಕ್ಷಣಕ್ಕೆ ಹಾರಿಹೋಗುತ್ತದೆ. ಫಲವನ್ನೆಲ್ಲ ಇಟ್ಟುಕೊಂಡು ಕರ್ಮವನ್ನು ತ್ಯಜಿಸುವ ಈ ಸನ್ಯಾಸ ಗೀತೆ ಹೇಳುವುದರ ಬುಡಮೇಲು. ಗೀತೆ ಅರ್ಜುನನಿಗೆ ರಣರಂಗ ಬಿಟ್ಟು ಹೋಗಲು ಒಪ್ಪಿಗೆ ಕೊಡಲಿಲ್ಲ. ಬಿಡಬೇಕಾದದ್ದು ಫಲದ ಮೇಲಿನ ಹಿಡಿತ, ಮಾಡಬೇಕಾದದ್ದು ಎದುರಿಗಿರುವ ಕೆಲಸ. ಕಚೇರಿಯ ಮಟ್ಟಿಗೆ ಇದನ್ನು ಹೇಳುವುದಾದರೆ, ಟಿಪ್ಪಣಿಯ ಕೆಳಗಿನ ಸಹಿ ಮತ್ತು ದಿನಾಂಕ ಪೂರ್ತಿಯಾಗಿ ನೌಕರನ ಸ್ವಂತ ಆಸ್ತಿ. ‘ಅರ್ಜಿದಾರರು ಸಲ್ಲಿಸಿದ ದಾಖಲೆಗಳನ್ನು ನಾನು ಮೂಲದೊಂದಿಗೆ ತಾಳೆ ನೋಡಿದ್ದೇನೆ, ನಿಯಮದ ಪ್ರಕಾರ ಇವರು ಅರ್ಹರು’ ಎಂದು ಬರೆಯಲು ಯಾವ ಕಾನೂನೂ ಅಡ್ಡ ಬರುವುದಿಲ್ಲ. ಇ-ಆಫೀಸ್ ಬಂದಮೇಲೆ ಕಡತ ಯಾರ ಬಳಿ ಎಷ್ಟು ದಿನ ನಿಂತಿತ್ತು ಎಂಬುದು ಹೇಗೂ ದಾಖಲಾಗುತ್ತದೆ. ಯಂತ್ರ ತಾನಾಗಿ ಹೇಳುವುದನ್ನು ಮನುಷ್ಯ ಮೊದಲೇ ಒಪ್ಪಿಕೊಂಡು ಬರೆದರೆ ಅವನ ಘನತೆಗೇನೂ ಕುಂದಿಲ್ಲ.

ಇನ್ನೊಂದು ಆಕ್ಷೇಪಣೆ ಇದಕ್ಕಿಂತ ಕಠಿಣ. ಹುದ್ದೆ ನನ್ನದಲ್ಲ, ನಿಯಮವೂ ನನ್ನದಲ್ಲ, ಮೇಲಿನವರು ಹೇಳಿದ್ದನ್ನು ನಿರ್ಲಿಪ್ತನಾಗಿ ಮಾಡುತ್ತೇನೆ ಎನ್ನುವ ಸಾತ್ವಿಕ ಗುಮಾಸ್ತನ ಕೈಯಿಂದಲೇ ಚರಿತ್ರೆಯ ಎಷ್ಟೋ ಘೋರಗಳು ನಡೆದಿವೆ. ಜರ್ಮನಿಯ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೆಬರ್ 1919ರಲ್ಲಿ ಮಾಡಿದ ಪ್ರಸಿದ್ಧ ಉಪನ್ಯಾಸದಲ್ಲಿ, ತಪ್ಪೆಂದು ಕಂಡದ್ದನ್ನು ತಪ್ಪೆಂದು ಹೇಳಿಯೂ ಮೇಲಿನವರು ಪಟ್ಟು ಹಿಡಿದರೆ ಆ ಆಜ್ಞೆಯನ್ನು ತನ್ನದೇ ನಂಬಿಕೆಯೆಂಬಂತೆ ನೆರವೇರಿಸುವುದರಲ್ಲಿ ಅಧಿಕಾರಿಯ ಮರ್ಯಾದೆ ಇದೆ ಎಂದ. ಮುಂದಿನ ಕಾಲು ಶತಮಾನದಲ್ಲಿ ಅವನ ದೇಶದ ಕಚೇರಿಗಳು ಆ ಮರ್ಯಾದೆಯನ್ನು ಎಲ್ಲಿಗೆ ಮುಟ್ಟಿಸಿದವು ಎಂಬುದು ಗೊತ್ತಿರುವ ಕಥೆ. ಅಷ್ಟು ದೂರ ಹೋಗುವುದೂ ಬೇಡ. ತುರ್ತುಪರಿಸ್ಥಿತಿಯಲ್ಲಿ ಕಾರಣ ನೋಡದೆ ಬಂಧನದ ಆದೇಶಗಳಿಗೆ ಸಹಿ ಬಿದ್ದದ್ದನ್ನು 1977ರಲ್ಲಿ ನೇಮಕವಾದ ಷಾ ಆಯೋಗ ಒಂದೊಂದಾಗಿ ಬಿಚ್ಚಿಟ್ಟಿತು. ಸಹಿ ಮಾಡಿದವರಲ್ಲಿ ಹೆಚ್ಚಿನವರು ರಾಕ್ಷಸರಾಗಿರಲಿಲ್ಲ. ಮೇಲಿನಿಂದ ಫೋನು ಬಂದಿತ್ತು ಅಷ್ಟೆ. ಕೆಲಸಕ್ಕೆ ದೇವರ ಹೆಸರು ಹಚ್ಚಿದರೆ ಮೇಲಿನವರ ಫೋನಿಗೂ ಅಶರೀರವಾಣಿಯ ಪಟ್ಟ ಸಿಕ್ಕೀತು ಎಂಬ ಭಯ ಸುಳ್ಳಲ್ಲ.

ಇದಕ್ಕೆ ಉತ್ತರ ಸಂವಿಧಾನದ ಮುಂದಿನ ವಿಧಿಯಲ್ಲಿದೆ ಎಂದು ನನಗನ್ನಿಸುತ್ತದೆ. 310ನೇ ವಿಧಿ ಹುದ್ದೆಯನ್ನು ರಾಜ್ಯಪಾಲರ ಇಚ್ಛೆಗೆ ಬಿಟ್ಟರೆ, 311ನೇ ವಿಧಿ ಆ ಇಚ್ಛೆಗೆ ಮೂಗುದಾರ ಹಾಕುತ್ತದೆ: ಆರೋಪ ಏನೆಂದು ತಿಳಿಸಿ, ವಿಚಾರಣೆ ನಡೆಸಿ, ಹೇಳಿಕೊಳ್ಳಲು ಅವಕಾಶ ಕೊಡದೆ ನೌಕರನನ್ನು ವಜಾ ಮಾಡುವಂತಿಲ್ಲ, ನೇಮಿಸಿದವರಿಗಿಂತ ಕೆಳಗಿನವರು ತೆಗೆಯುವಂತಿಲ್ಲ. ಕೆಲವು ವಿನಾಯಿತಿಗಳಿವೆ, ಇರಲಿ. ಈ ಭದ್ರತೆಯನ್ನು ನಾವು ಸರ್ಕಾರಿ ಕೆಲಸದ ಸುಖವೆಂದು ತಿಳಿದಿದ್ದೇವೆ. ಹೆಣ್ಣು ಕೊಡುವವರು ವಿಚಾರಿಸುವುದು ಅದನ್ನೇ, ಬ್ಯಾಂಕಿನವರು ಸಾಲ ಕೊಡುವುದು ಅದನ್ನೇ ನೋಡಿ. ಆದರೆ ಅಂಗಡಿಯ ಲೆಕ್ಕ ಬರೆಯುವವರಿಗಿಲ್ಲದ ರಕ್ಷಣೆಯನ್ನು ತಾಲ್ಲೂಕು ಕಚೇರಿಯ ಲೆಕ್ಕ ಬರೆಯುವವರಿಗೆ ದೇಶದ ಮೂಲ ಕಾನೂನು ಏಕೆ ಕೊಡಬೇಕು? ಅವರು ನಿರ್ಭಯವಾಗಿ ‘ಇದು ನಿಯಮಕ್ಕೆ ವಿರುದ್ಧ’ ಎಂದು ಟಿಪ್ಪಣಿಯಲ್ಲಿ ಬರೆಯಬೇಕಾಗುತ್ತದೆ ಎಂಬ ಕಾರಣಕ್ಕೆ. ಸ್ವಂತ ವಿವೇಚನೆಯಂತೆ ನಡೆಯಬೇಕು, ಮೇಲಿನವರ ಸೂಚನೆಯಂತೆ ನಡೆಯುವುದಾದರೆ ಸಾಧ್ಯವಿದ್ದಲ್ಲೆಲ್ಲ ಆ ಸೂಚನೆಯನ್ನು ಬರವಣಿಗೆಯಲ್ಲಿ ಪಡೆಯಬೇಕು ಎಂದು ಸರ್ಕಾರಿ ನೌಕರರ ನಡತೆ ನಿಯಮಗಳೂ ಹೇಳುತ್ತವೆ. ‘ಬರೆದುಕೊಡಿ ಸಾರ್’ ಎಂಬ ಎರಡು ಪದ ಹೇಳಿ ವರ್ಗಾವಣೆಯಾದವರು ಬೇಕಾದಷ್ಟು ಜನ. 311ನೇ ವಿಧಿ ವಜಾದಿಂದ ಕಾಪಾಡುತ್ತದೆ, ದೂರದ ತಾಲ್ಲೂಕಿಗೆ ಎತ್ತಿಹಾಕುವುದರಿಂದ ಕಾಪಾಡುವುದಿಲ್ಲ. ಇಲ್ಲಿ ‘ನನ್ನದಲ್ಲ’ ಎಂಬ ತಿಳಿವಳಿಕೆ ತನ್ನ ನಿಜವಾದ ಬೆಲೆ ತೋರಿಸುತ್ತದೆ. ಕುರ್ಚಿ ತನ್ನದೆಂದು ನಂಬಿದವನಿಗೆ ಆ ಎರಡು ಪದ ಗಂಟಲಿನಿಂದ ಮೇಲೆ ಬರುವುದಿಲ್ಲ, ಏಕೆಂದರೆ ಕಳೆದುಕೊಳ್ಳಲು ಅವನಿಗೆ ಬಹಳವಿದೆ. ದೇವರ ಕೆಲಸ ಎಂಬ ಮಾತು ವಿಧೇಯತೆಯನ್ನು ಬೆಳೆಸುತ್ತದೆ ಎನ್ನುವವರಿಗೆ ನಾನು ಹೇಳುವುದಿಷ್ಟೇ: ಒಡೆಯ ದೇವರಾದರೆ ಸಾಹೇಬರು ಒಡೆಯರಲ್ಲ, ಅವರೂ ಪ್ರಭಾರ ಪಟ್ಟಿಗೆ ಸಹಿ ಹಾಕಿ ಬಂದವರೇ.

ಜಾತ್ಯತೀತ ದೇಶದ ಕಚೇರಿಗೆ ದೇವರೇಕೆ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದು, ಉತ್ತರ ದೊಡ್ಡದಲ್ಲ. ಸಂವಿಧಾನದ ಮೂರನೇ ಅನುಸೂಚಿ ದೇವರ ಹೆಸರಿನಲ್ಲಿ ಪ್ರಮಾಣ ಮಾಡುವವರಿಗೂ ಸತ್ಯನಿಷ್ಠೆಯಿಂದ ದೃಢೀಕರಿಸುವವರಿಗೂ ಒಂದೇ ಸಾಲಿನಲ್ಲಿ ಜಾಗ ಕೊಟ್ಟಿದೆ. ದೇವರನ್ನು ನಂಬದವರು ಆ ಸ್ಥಳದಲ್ಲಿ ‘ಜನ’ ಎಂದೋ ‘ಸಂವಿಧಾನ’ ಎಂದೋ ಇಟ್ಟುಕೊಂಡರೆ ನನ್ನ ವಾದದ ಒಂದು ಎಳೆಯೂ ಸಡಿಲವಾಗುವುದಿಲ್ಲ. ನಂಬುವವರಿಗೆ ಮಾತ್ರ ಸ್ವಲ್ಪ ತೊಂದರೆ: ಮೇಜಿನ ಗಾಜಿನ ಕೆಳಗೆ ತಮ್ಮ ದೇವರ ಪಟ ಇಟ್ಟುಕೊಂಡವರು, ಎದುರಿಗೆ ಬಂದ ಅನ್ಯಮತದವರ ಅರ್ಜಿಯೂ ಅದೇ ದೇವರ ಕೆಲಸ ಎಂದು ಒಪ್ಪಿಕೊಳ್ಳಬೇಕಾಗುತ್ತದೆ.

ನಮ್ಮ ನಾಡಿನಲ್ಲಿ ಈ ಚರ್ಚೆ ಕೊನೆಗೆ ಬಂದು ನಿಲ್ಲುವುದು ಮೀಸಲಾತಿಯ ಮುಂದೆ, ಮತ್ತು ಅಲ್ಲಿಯೇ ಈ ತತ್ವಕ್ಕೆ ನಿಜವಾದ ಪರೀಕ್ಷೆ. 1918ರಲ್ಲಿ ಮೈಸೂರು ಸಂಸ್ಥಾನದ ಸರ್ಕಾರ ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿತು. ಸರ್ಕಾರಿ ಹುದ್ದೆಗಳಲ್ಲಿ ಬ್ರಾಹ್ಮಣರದೇ ಮೇಲುಗೈಯಾಗಿದ್ದ ಕಾಲ ಅದು. ಉಳಿದ ಸಮುದಾಯಗಳಿಗೆ ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಂತೆ, ಕೆಳಗಿನವುಗಳಲ್ಲಿ ಮೂರನೇ ಎರಡರಷ್ಟು ಪಾಲು ಸಿಗಬೇಕೆಂದು ಸಮಿತಿ ಶಿಫಾರಸು ಮಾಡಿತು. ದಿವಾನ್ ವಿಶ್ವೇಶ್ವರಯ್ಯನವರು ದಕ್ಷತೆಯ ಹೆಸರಿನಲ್ಲಿ ಆ ನಿಲುವನ್ನು ಒಪ್ಪಲಿಲ್ಲ, ಹುದ್ದೆ ಬಿಟ್ಟರು. ಅಂದಿನಿಂದ ಇಂದಿನವರೆಗೆ ವಾದ ಒಂದೇ ಹಳಿಯ ಮೇಲೆ ಓಡುತ್ತಿದೆ: ಅಂಕ ಪಡೆದವರ ಬಹುಮಾನವನ್ನು ಬೇರೆಯವರಿಗೆ ಕೊಡಬಹುದೇ? ಆದರೆ ಹುದ್ದೆ ಬಹುಮಾನವೇ ಅಲ್ಲ ಎಂದಾದರೆ ಈ ಪ್ರಶ್ನೆಗೆ ಕಾಲೂರಲು ನೆಲವೇ ಇರುವುದಿಲ್ಲ. ಕೇಳಬೇಕಾದ್ದು, ಯಾರು ಯಾರು ಒಳಗಿದ್ದರೆ ಹೊರಗೆ ನಿಂತವರ ಸಾಲ ಸರಿಯಾಗಿ ತೀರುತ್ತದೆ ಎಂಬುದು. ಬಾಗಿಲಲ್ಲೇ ಚಪ್ಪಲಿ ಬಿಟ್ಟು ಕೈಕಟ್ಟಿ ನಿಲ್ಲಬೇಕಿದ್ದ ಕಾಲೋನಿಯ ಜನ ಕಚೇರಿಯ ಒಳಗೆ ತಮ್ಮ ಕೇರಿಯ ಹುಡುಗಿಯೊಬ್ಬಳು ಕಂಪ್ಯೂಟರಿನ ಮುಂದೆ ಕೂತಿರುವುದನ್ನು ಕಂಡರೆ ಅರ್ಜಿ ಚಾಚುವ ರೀತಿಯೇ ಬದಲಾಗುತ್ತದೆ. ಸಂವಿಧಾನಕ್ಕೆ 371ಜೆ ವಿಧಿ ಬಂದಮೇಲೆ ಕಲ್ಯಾಣ ಕರ್ನಾಟಕದ ಕಚೇರಿಗಳಲ್ಲಿ ಆ ಭಾಗದವರಿಗೇ ಹೆಚ್ಚಿನ ಪಾಲು ಮೀಸಲಾದದ್ದರ ಹಿಂದೆಯೂ ಇಂಥ ಒಂದು ವಿವೇಕವಿದೆ. ಇದೇ ಅಳತೆ ಮೀಸಲಾತಿಯಲ್ಲಿ ಬಂದವರಿಗೂ ಅನ್ವಯಿಸುತ್ತದೆ; ಸಮುದಾಯದ ಹೆಸರಿನಲ್ಲಿ ಬಂದ ಹುದ್ದೆಯನ್ನು ಸ್ವಂತದ ಜಹಗೀರಿ ಮಾಡಿಕೊಂಡವರು ಮಿಲ್ಲರ್ ವರದಿಯ ಎದುರಾಳಿಗಳ ವಾದವನ್ನೇ ಬೇರೆ ಬಾಯಿಂದ ಹೇಳುತ್ತಿದ್ದಾರೆ.

ಹೊಟ್ಟೆಪಾಡಿಗೆ ಸೇರಿದವರ ಮೇಲೆ ಇಷ್ಟೊಂದು ವೇದಾಂತ ಹೇರಬೇಕೇ ಎಂದರೆ, ಹೇರಬಾರದು. ಸಂಬಳ ನೌಕರನದು, ರಜೆ ಅವನದು, ಸಂಜೆ ಬಾಗಿಲು ಹಾಕಿದಮೇಲಿನ ಬದುಕು ಅವನದು. ಕಾಯಕದ ಹೆಸರಿನಲ್ಲಿ ಇವನ್ನು ಕಸಿಯುವುದು ಕಾಯಕಕ್ಕೆ ಮಾಡುವ ಅಪಚಾರ. ಹರಕೆಯನ್ನೂ ಸಂಬಳದ ದುಡ್ಡಿನಲ್ಲಿ ಧಾರಾಳವಾಗಿ ತೀರಿಸಲಿ. ನನಗೆ ತೊಡಕಾಗಿ ಕಾಣುವುದು ಆಮೇಲಿನ ಎರಡು ವರ್ಷ, ಪರೀಕ್ಷಾರ್ಥ ಅವಧಿ. ಆ ಅವಧಿಯಲ್ಲಿ ಹೊಸಬರು ಇಲಾಖಾ ಪರೀಕ್ಷೆಗಳನ್ನು ಪಾಸು ಮಾಡಿರಬೇಕು, ಮೇಲಧಿಕಾರಿಗಳ ಅಭಿಪ್ರಾಯ ತೃಪ್ತಿಕರವಾಗಿರಬೇಕು. ಆಗ ಅವಧಿ ತೃಪ್ತಿಕರವಾಗಿ ಪೂರ್ಣಗೊಂಡಿದೆಯೆಂದು ಘೋಷಿಸುವ ಆದೇಶ ಹೊರಡುತ್ತದೆ, ಸೇವಾ ಪುಸ್ತಕದಲ್ಲಿ ನಮೂದಾಗುತ್ತದೆ. ಯಾರ ತೃಪ್ತಿ ಎಂಬುದು ಆ ಆದೇಶದಲ್ಲಿ ಇರುವುದಿಲ್ಲ. ಆ ಎರಡು ವರ್ಷ ಅದೇ ಮೇಜಿನ ಎದುರು ಅರ್ಜಿ ಹಿಡಿದು ನಿಂತಿದ್ದವರಲ್ಲಿ ಒಬ್ಬರನ್ನಾದರೂ ಕೇಳಿ ಬರೆಯಬೇಕೆಂದು ಯಾವ ನಿಯಮವೂ ಹೇಳುವುದಿಲ್ಲ.